ಹಸಿ ಕೋರಿನ ಪದ

೧೧ ಜುಲೈ ೧೯೮೩

ಗುರುಸಿದ್ದ ಸತ್ತ. ಮೈಯೆಲ್ಲ ಸುಟ್ಟು ನಾಲ್ಕು ದಿನ ದವಾಖಾನೆಯಲ್ಲಿ ಬಾಳೆ ಎಲೆಯ ಮೇಲೆ ಮಲಗಿದ್ದ. ಇಂದು ಬೆಳಿಗ್ಗೆ ನೀರು ಕೇಳಿದನಂತೆ, ಕುಡಿಯಲಿಲ್ಲವಂತೆ. ಇಪ್ಪತ್ನಾಲ್ಕು ವರ್ಷ.

ನಡೆದದ್ದನ್ನು ನಡೆದ ಹಾಗೆ ಬರೆದಿಡುತ್ತೇನೆ. ನಾಳೆ ಹತ್ತು ಮಂದಿ ಹತ್ತು ನಮೂನೆ ಹೇಳುತ್ತಾರೆ, ಆಗ ನನಗೇ ಅನುಮಾನ ಬರಬಾರದು.

ಉದ್ಯಮಬಾಗದ ಈ ಫೌಂಡ್ರಿಯಲ್ಲಿ ನಾವು ಆರು ಮಂದಿ ಹೆಂಗಸರು ಕೋರ್ ಮಾಡುತ್ತೇವೆ. ಉಸುಕಿಗೆ ಕಾಕಂಬಿ ಕಲಸಿ, ಕಟ್ಟಿಗೆಯ ಪೆಟ್ಟಿಗೆಗೆ ತುಂಬಿ, ಕೊಡತಿಯಿಂದ ಬಡಿದು ಅಚ್ಚು ತೆಗೆಯುವ ಕೆಲಸ. ಆ ಅಚ್ಚನ್ನು ಭಟ್ಟಿಯಲ್ಲಿ ಒಣಗಿಸಲೇಬೇಕು. ಹಸಿ ಉಳಿದರೆ, ಕರಗಿದ ಕಬ್ಬಿಣ ತಾಕಿದ ಕೂಡಲೇ ಸಿಡಿಯುತ್ತದೆ. ಉಸುಕು ಜರಡಿ ಹಿಡಿಯುವವಳಿಗೂ ಇದು ಗೊತ್ತು. ಭಟ್ಟಿ ಕೆಟ್ಟು ಮೂರು ದಿನವಾಗಿತ್ತು. ಏಳನೇ ತಾರೀಖು ಸೂಪರ್‌ವೈಜರ್ ಕಲ್ಲಯ್ಯ ನನ್ನ ಬೆಂಚಿನ ಮುಂದೆ ಬಂದು ನಿಂತ.

"ಮಾಯಕ್ಕ, ಆ ನಾಕು ಕೋರ್ ಕೊಡು."

"ಹಸಿ ಅದಾವ್ರಿ. ಬೆರಳ ಒತ್ತಿದ್ರ ಇಳೀತೈತಿ."

"ಪುಣೆದ ಮಾಲ ಐತಿ, ಇವತ್ತ ಹೋಗಬೇಕು. ನೀ ಕೊಡು, ನಾ ಅದೀನಿ."

ಕೊಟ್ಟೆ. ಅರ್ಧ ತಾಸಿಗೆ ಗುರುಸಿದ್ದ ಕಬ್ಬಿಣ ಹೊಯ್ದ. ಆ ಸಪ್ಪಳ ಇನ್ನೂ ನನ್ನ ಹಲ್ಲಿನಲ್ಲಿದೆ.

ನಮ್ಮ ಪೀರನವಾಡಿ ಚಾಳಿನಲ್ಲಿ ಅವನ ಅವ್ವ ಭೀಮಕ್ಕನದೂ ನನ್ನದೂ ಒಂದೇ ಗೋಡೆ. ಸಂಜೆ ಆಕೆ ಹಾಡ್ಯಾಡಿ ಅತ್ತಳು. ಹುಟ್ಟಿದ ದಿನದಿಂದ ಹಿಡಿದು, ಏನು ಉಂಡ, ಏನು ಉಡಲಿಲ್ಲ, ಹೇಗೆ ಸತ್ತ, ಯಾರಿಂದ ಸತ್ತ, ಎಲ್ಲ ಆ ಅಳುವಿನ ಪದದಲ್ಲಿ ಬರುತ್ತದೆ. ಹಾಡ್ಯಾಡಿ ಅಳುವವಳ ಬಾಯಿಗೆ ಕೈ ಅಡ್ಡ ಹಿಡಿಯುವವರು ನಮ್ಮ ಕಡೆ ಇಲ್ಲ. ಗೌಡನ ಹೆಸರು ತೆಗೆದರೂ ಗೌಡ ಕೇಳಿಸಿಕೊಂಡು ನಿಲ್ಲಬೇಕು. ಭೀಮಕ್ಕ ಮಾತ್ರ 'ಯಾರಿಂದ' ಎಂಬಲ್ಲಿಗೆ ಬಂದು ನಿಂತುಬಿಟ್ಟಳು. ಆಕೆಗೆ ಗೊತ್ತಿರಲಿಲ್ಲ.

ನನಗೆ ಗೊತ್ತಿತ್ತು. ಗೋಡೆಗೆ ಬೆನ್ನು ಹಚ್ಚಿ ಕುಳಿತೆ.

೧೪ ಜುಲೈ

ಪದ ಬಂತು. ಬೆಂಚಿನಲ್ಲೇ ಬಂತು. ಕೊಡತಿ ಬಡಿಯುವಾಗ ಎರಡು ಪೆಟ್ಟು ಗಟ್ಟಿ, ಒಂದು ಪೆಟ್ಟು ಹಗುರ. ಆ ತಾಳದ ಮೇಲೆ ಮೊದಲ ಸಾಲು ತಾನೇ ಬಂದು ಕುಳಿತಿತು.

ಎಲ್ಲಿಂದ ಕದ್ದೆ ಎಂದು ಯಾರಾದರೂ ಕೇಳಿದರೆ ಮುಚ್ಚಿಡುವುದಿಲ್ಲ. ಧಾಟಿ ನಂದಗಡದಲ್ಲಿ ನನ್ನ ಅಜ್ಜಿ, ಸಾತವ್ವ ಆಯಿ, ಬೀಸುಕಲ್ಲಿನ ಮುಂದೆ ಹಾಡುತ್ತಿದ್ದದ್ದು. ನಡುವಿನ ಏಟು ಅಪ್ಪನ ಡೊಳ್ಳಿನದು; ನಾವು ಕುರಿ ಕಾಯ್ದ ಮಂದಿ, ಆ ಏಟು ಎದೆಯಲ್ಲೇ ಇರುತ್ತದೆ. ಪಲ್ಲವಿ ಎತ್ತಿ ಬಿಡುವ ರೀತಿ ಮಾತ್ರ ಚಹಾದಂಗಡಿಯ ರೇಡಿಯೋದ ಹಿಂದಿ ಹಾಡಿನದು. ಕಾಮಗಾರರ ಸಂಘಟನೆಯ ಹಾಡಿನ ಶಿಬಿರದಲ್ಲಿ ಒಬ್ಬ ಪ್ರೊಫೆಸರ್ ಮೂಗು ಮುರಿದಿದ್ದರು: "ಸಿನಿಮಾ ಧಾಟಿಯಲ್ಲಿ ಕ್ರಾಂತಿ ಆಗೂದಿಲ್ಲಮ್ಮಾ." ಅವರು ಬರೆದ ಹಾಡುಗಳನ್ನು ಅವರ ಹೆಂಡತಿಯೂ ಗುನುಗುವುದಿಲ್ಲ. ನನ್ನ ಪದ ನಳದ ಮುಂದೆ ಕೊಡ ಇಟ್ಟು ನಿಂತವಳ ಬಾಯಲ್ಲಿ ಬರಬೇಕು. ಬರದಿದ್ದರೆ ಅದು ಕಾಗದ.

ಆಯಿಯ ಕಟ್ಟಳೆ ಒಂದೇ ಇತ್ತು. ಕಡೀ ನುಡಿಯಲ್ಲಿ ಹೆಸರು ಬರಬೇಕು. ಯಾರ ಮೇಲಿನ ಪದ, ಕಟ್ಟಿದವರು ಯಾರು. ನಮ್ಮೂರಿನ ಆಲದ ಮರದ ಕೆಳಗೆ ರಾಯಣ್ಣನ ಪದ ಹಾಡುವಾಗ ಅವನನ್ನು ಹಿಡಿದುಕೊಟ್ಟವರ ಹೆಸರು ಬಂದೇ ಬರುತ್ತದೆ. ನೂರೈವತ್ತು ವರ್ಷವಾಯಿತು, ಅವರ ಹೆಸರನ್ನು ಯಾವ ಕೂಸಿಗೂ ಇಡುವುದಿಲ್ಲ.

ಮೊದಲ ನುಡಿ:

ಕಾದ ಕಬ್ಬಿಣ ಬಂತೊ, ಕೆಂಪ ಹಾವಾಗಿ ಬಂತೊ
ಹಸಿ ಉಸುಕ ಮುಟ್ಟಿ ಸಿಡಿದೀತೊ – ಗುರುಸಿದ್ದಾ
ಮೂರ ದಿನದಿಂದ ಭಟ್ಟಿ ತಣ್ಣಗೊ

ಕಡೀ ನುಡಿ:

ಹಸಿ ಕೋರ ಕೊಟ್ಟ ಕೈ ಮಾಯಕ್ಕನ ಕೈಯವ್ವ
ಕೊಡು ಅಂದ ಬಾಯಿ ಕಲ್ಲಯ್ಯಂದ – ಗುರುಸಿದ್ದಾ
ತಪ್ಪ ನಿಂದಲ್ಲೊ ನನ ತಮ್ಮಾ

ಬರೆದು ಮುಗಿಸಿ, ಅವನು ಸತ್ತ ದಿನದಿಂದ ಮೊದಲ ಸಲ ಊಟ ಮಾಡಿದೆ.

೨೫ ಜುಲೈ

ಗೇಟಿನ ಬೋರ್ಡಿಗೆ ಕಾಗದ ಅಂಟಿಸಿದ್ದಾರೆ: 'ಅಪಘಾತವು ಕಾಮಗಾರನ ನಿಷ್ಕಾಳಜಿಯಿಂದ ಸಂಭವಿಸಿದೆ.' ನಾಯಿಗಳು. ಸತ್ತವನ ಮೇಲೆ ಮಣ್ಣು ಹಾಕಿದ್ದು ಸಾಲದೆಂದು ತಪ್ಪೂ ಹಾಕುತ್ತಾರೆ.

ಶಿಫ್ಟ್ ಬಿಡುವಾಗ ಗೇಟಿನ ಕಲ್ಲಿನ ಮೇಲೆ ನಿಂತು ಹಾಡಿದೆ. ಸೈಕಲ್ಲುಗಳು ನಿಂತವು. ಬಸ್ಸು ಹಿಡಿಯಬೇಕಾದವರು ಬಸ್ಸು ಬಿಟ್ಟರು. ಕಡೀ ನುಡಿಗೆ ಬಂದಾಗಲೂ ಹೆಸರು ನುಂಗಲಿಲ್ಲ. ನನ್ನದೂ ನುಂಗಲಿಲ್ಲ. ವಾಚಮನ್ ಬಂದು ಕೈ ಹಿಡಿದು ಎಳೆದ. ನನ್ನ ಬೆಂಚಿನ ಜೊತೆಗಾತಿ ಫಕೀರವ್ವ ಅವನಿಗೆ, "ಕೈ ಬಿಡೋ ಹಾಟ್ಯಾ, ಆಕಿಗೆ ಇನ್ನೂ ಲಗ್ನಾ ಆಗಿಲ್ಲ, ನಾಳೆ ನೀನ ಕಟ್ಕೋಬೇಕಾದೀತು!" ಎಂದಳು. ಮಂದಿ ನಕ್ಕಿತು. ಆ ನಗೆಯಲ್ಲಿ ಪೂರ್ತಿ ಹಾಡಿ ಮುಗಿಸಿದೆ.

ಭೀಮಕ್ಕನೂ ಮಂದಿಯ ನಡುವೆ ನಿಂತು ಪದ ಕೇಳಿದ್ದಳು. ನನ್ನ ಕೈ ಕಂಡರೆ ಉಗುಳುತ್ತಾಳೆ ಎಂದು ಅಂಜಿದ್ದೆ. ಆಕೆ ಆ ಕೈಯನ್ನೇ ತನ್ನ ಎರಡು ಕೈಯಲ್ಲಿ ಹಿಡಿದಳು. "ನೀ ಹೇಳಿದ್ಯಲ್ಲಾ, ಸಾಕವ್ವಾ. ಪದದಾಗ ಏನ ಬೇಕಾದ್ದ ತಿದ್ದು. ಕಡೀ ನುಡಿ ಬಿಡಬ್ಯಾಡ. ಸರಕಾರದ ಸಾಹೇಬ ಚೌಕಶಿಗೆ ಬರ್ತಾನಂತ, ಹೆಂಗ ಸತ್ತಾ ಅಂತ ವಿಚಾರ್ಸಾಕ. ಅವನ ಮುಂದ ಇದನ್ನ ಹೇಳು. ನನ್ನ ಮಗಾ ತಪ್ಪ ಮಾಡಿ ಸತ್ತಾ ಅನ್ನೂ ಮಾತ ಅಳಿಸಬೇಕು, ಅಷ್ಟ."

ಮಾತು ಕೊಟ್ಟೆ.

೨ ಆಗಸ್ಟ್

ಮೂರು ದಿನದಿಂದ ಸಂಜೆ ಒಂದು ರಾಜದೂತ್ ಮೋಟಾರ್‌ಸೈಕಲ್ಲು ಚಾಳಿನ ಎದುರು ನಿಲ್ಲುತ್ತದೆ. ಅದರ ಮೇಲಿನವನು ಚಹಾ ಕುಡಿಯುತ್ತಾನೆ. ಯಾರ ಜೊತೆಗೂ ಮಾತಿಲ್ಲ. ನನ್ನ ಬಾಗಿಲು ನೋಡುತ್ತಾನೆ, ಕಪ್ಪು ಇಡುತ್ತಾನೆ, ಹೋಗುತ್ತಾನೆ.

ಅಂಜುವುದಿಲ್ಲ.

೯ ಆಗಸ್ಟ್

ಖಡೇಬಜಾರಿನಲ್ಲಿ ಕ್ಯಾಸೆಟ್ ಅಂಗಡಿ ಇಟ್ಟಿರುವ ಚನ್ನಬಸಯ್ಯ ಹುಡುಕಿಕೊಂಡು ಬಂದಿದ್ದ. ಗೇಟಿನಲ್ಲಿ ಹಾಡಿದ್ದು ಕೇಳಿದ್ದನಂತೆ. ಮಹಾಂತೇಶ ನಗರದಲ್ಲಿ ಹೊಸ ಮನೆ ಕಟ್ಟಿಸಿ, ಒಂದು ಖೋಲಿಯನ್ನು ರಿಕಾರ್ಡಿಂಗಿಗೆ ಮಾಡಿದ್ದಾನೆ.

"ತಂಗಿ, ಮುಂಬೈ ಕಂಪನಿ ಯಾವುದೂ ನಮ್ಮ ದನಿ ತೊಗೊಳ್ಳೂದಿಲ್ಲ. ನಮ್ಮ ಪದ, ನಮ್ಮ ಮಶಿನ್, ನಮ್ಮ ಕ್ಯಾಸೆಟ್. ಯಾರ ಅಪ್ಪಂದೂ ಹಂಗಿಲ್ಲ. ಒಂಬತ್ತ ಪದಾ ಕೊಡು."

ಯಾರ ಹಂಗೂ ಇಲ್ಲ! ನನಗೆ ಬೇಕಾದದ್ದೂ ಇದೇ. ಗೇಟಿನಲ್ಲಿ ಹಾಡಿದರೆ ಇನ್ನೂರು ಕಿವಿ. ಕ್ಯಾಸೆಟ್ಟಿನಲ್ಲಿ ಹಾಡಿದರೆ ಬೈಲಹೊಂಗಲ, ಖಾನಾಪುರ, ಧಾರವಾಡ. ಗುರುಸಿದ್ದ ಊರೂರಿಗೆ ಹೋಗುತ್ತಾನೆ.

೨೧ ಆಗಸ್ಟ್

ರಿಕಾರ್ಡಿಂಗ್ ಖೋಲಿಯ ನಾಲ್ಕೂ ಗೋಡೆಗೆ ಕೌದಿ ತೂಗುಬಿಟ್ಟಿದ್ದಾರೆ. ಒಳಗೆ ಹೋದರೆ ಸ್ವಂತ ಉಸಿರು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಮೊದಲ ಸಲ ನನ್ನ ದನಿಯನ್ನು ಹೊರಗಿನಿಂದ ಕೇಳಿದೆ. ಇಷ್ಟು ಚೆಂದ ಇದೆ ಎಂದು ನನಗೆ ಗೊತ್ತಿರಲಿಲ್ಲ.

ಚನ್ನಬಸಯ್ಯ ಒಂದೇ ಮಾತು ಹೇಳಿದ: "ಕಲ್ಲಯ್ಯ ಅನ್ನೂದು ತಗಿ. ಅಂವಾ ಕೇಸ್ ಹಾಕಿದ್ರ ಮಶಿನ್ ಜಪ್ತಿ. ಆಮ್ಯಾಲ ಪದಾನೂ ಇಲ್ಲ, ನೀನೂ ಇಲ್ಲ." ಖರೇ ಅನ್ನಿಸಿತು. 'ಕೊಡು ಅಂದ ಬಾಯಿ ದೊಡ್ಡೋರ್ದ' ಎಂದು ಮಾಡಿದೆ. ಕೇಳುವವರಿಗೆ ಯಾರು ಎಂದು ಗೊತ್ತೇ ಆಗುತ್ತದೆ. ಹೆಸರು ಹೇಳದೆ ತೋರಿಸುವುದರಲ್ಲೇ ಹೆಚ್ಚಿನ ಕಸುಬು ಇದೆ.

೫ ಸಪ್ಟೆಂಬರ್

ಕಲ್ಲಯ್ಯ ಬೆಂಚಿಗೆ ಬಂದು ಮೆಲ್ಲಗೆ ಹೇಳಿದ: "ಪದಾ ಕೇಳೀನಿ. ದನಿ ಭಾಳ ಚಲೋ ಐತಿ. ಆದ್ರ ತಿಳಕೋ ಮಾಯಕ್ಕ, ಪೊಲೀಸರು ಮೊದಲ ಹಿಡಿಯೂದು ಕೈನ. ಬಾಯಿ ಯಾವ ಬೇಡಿಗೂ ಸಿಗೂದಿಲ್ಲ."

ಅವನು ಹೋದ ಮೇಲೂ ನನ್ನ ಕೊಡತಿ ತಾಳ ತಪ್ಪುತ್ತಿತ್ತು. ಫಕೀರವ್ವ, "ಏನಂದ?" ಎಂದಳು. "ಏನಿಲ್ಲ" ಎಂದೆ.

೬ ಸಪ್ಟೆಂಬರ್

ಭಟ್ಟಿಯ ಸಾಲು ತೆಗೆದೆ. ಭಟ್ಟಿ, ಕೋರ್ ಎಂದರೆ ಹೊರಗಿನವರಿಗೆ ತಿಳಿಯುವುದೇ ಇಲ್ಲ. ಹುಬ್ಬಳ್ಳಿಯಲ್ಲಿ ಸೀರೆ ನೇಯುವವಳಿಗೆ ಕೋರ್ ಎಂದರೆ ಏನು? ಹಾಡು ಎಲ್ಲರದೂ ಆಗಬೇಕಾದರೆ ಕಸುಬಿನ ಮಾತು ಕಡಿಮೆ ಇರಬೇಕು.

ರಾಜದೂತ್ ಈಗ ಬರುತ್ತಿಲ್ಲ.

೧೮ ಸಪ್ಟೆಂಬರ್

ಹೊಗೆಯಿಂದ ಗಂಟಲು ಕಟ್ಟುತ್ತಿತ್ತು. ಕಲ್ಲಯ್ಯನವರು ತಾವಾಗಿಯೇ ಸ್ಟೋರ್ ರೂಮಿಗೆ ಹಾಕಿದ್ದಾರೆ. ಕುರ್ಚಿ, ರಜಿಸ್ಟರು, ಫ್ಯಾನು. ಹಾಡುವವಳಿಗೆ ಗಂಟಲೇ ಬಂಡವಾಳ. ಅದನ್ನು ಕಾಯ್ದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಫಕೀರವ್ವ ಊಟದ ಹೊತ್ತಿಗೆ ಬಂದು ಬಾಗಿಲಲ್ಲೇ ನಿಂತಳು. "ಬರ್ಲೇನ್ರಿ ಬಾಯಿಸಾಹೇಬ್ರ ಒಳಗ? ಕಾಲಾಗ ಉಸುಕ ಐತಿ."

"ಏನ ಹುಚ್ಚಿ ಇದ್ದೀಯಾ, ಬಾರ."

ಬರಲಿಲ್ಲ. ಅವರದು ಹೀಗೇ. ಒಬ್ಬರು ಒಂದು ಮೆಟ್ಟಿಲು ಹತ್ತಿದರೆ ಕಾಲು ಎಳೆಯುತ್ತಾರೆ.

೨೯ ಸಪ್ಟೆಂಬರ್

ಕಡೀ ನುಡಿ ತೆಗೆದೆವು.

ಬೇರೆ ದಾರಿ ಇರಲಿಲ್ಲ. 'ದೊಡ್ಡೋರು' ಎಂದ ಮೇಲೆ 'ಮಾಯಕ್ಕನ ಕೈ' ಒಂದೇ ಉಳಿದಂತಾಗುತ್ತಿತ್ತು, ಅದು ಲಯಕ್ಕೂ ಸರಿಯಲ್ಲ. ಚನ್ನಬಸಯ್ಯನವರ ವಿಚಾರ ದೊಡ್ಡದು: "ಒಬ್ಬ ಗುರುಸಿದ್ದನ ಪದಾ ಒಂದ ಓಣಿದು. ಮಗನ್ನ ಕಳಕೊಂಡ ತಾಯಿ ಪದಾ ಜಗತ್ತಿಂದು." ಈಗ ಹೀಗಿದೆ:

ಕಾದ ಕಬ್ಬಿಣ ಬಂತೊ, ಯಮನ ಕರಿಯಾಗಿ ಬಂತೊ
ಹಣಿಬರಹ ತಪ್ಪಿಸೋರ ಯಾರೊ – ನನ ಕಂದಾ
ತಾಯಿ ಉಡಿ ಬರಿದಾತೊ

ನಿಜ ಹೇಳಬೇಕೆಂದರೆ ಮೊದಲಿನದಕ್ಕಿಂತ ಇದು ಕಿವಿಗೆ ಇಂಪು. ಚನ್ನಬಸಯ್ಯನವರ ಮನೆಯವರು ಕೇಳಿ ಕಣ್ಣೊರೆಸಿಕೊಂಡರು. ಮೊದಲಿನ ಪದಕ್ಕೆ ಯಾರೂ ಅತ್ತಿರಲಿಲ್ಲ, ಬರೀ ಹಲ್ಲು ಕಚ್ಚುತ್ತಿದ್ದರು.

ಕ್ಯಾಸೆಟ್ಟಿನ ಮೇಲೆ 'ಕುಮಾರಿ ಮಾಯಾ' ಎಂದು ಅಚ್ಚಾಗುತ್ತದೆ. 'ಮಾಯಕ್ಕ' ಹಳ್ಳಿಯ ಹೆಸರು.

೧೫ ಅಕ್ಟೋಬರ್, ಖಂಡೇನವಮಿ

ಮಶಿನ್ನುಗಳಿಗೆ ಪೂಜೆ, ಎಲ್ಲರಿಗೂ ಪೇಢೆಯ ಡಬ್ಬಿ. ಡಬ್ಬಿಯ ಮೇಲೆ ರಬ್ಬರ್ ಹಾಕಿ ಒಂದೊಂದು ಕ್ಯಾಸೆಟ್. ನನ್ನದು! ಮುನ್ನೂರು ಕ್ಯಾಸೆಟ್ಟನ್ನು ಕಂಪನಿಯೇ ತರಿಸಿದೆ. ಗೇಟಿನ ಕಲ್ಲಿನ ಮೇಲಿಂದ ನನ್ನನ್ನು ಎಳೆಸಿದವರು ಇವತ್ತು ನನ್ನ ದನಿಯನ್ನು ತಾವೇ ಕೈಯಾರೆ ಹಂಚಿದರು. ಗೆದ್ದದ್ದು ಯಾರು? ಸಂಘಟನೆಯ ಪ್ರೊಫೆಸರರಿಗೆ ಬರೆದು ತಿಳಿಸಬೇಕು.

ಮಾಲೀಕರು ಭಟ್ಟಿಗೂ ಕುಂಕುಮ ಹಚ್ಚಿದರು. ಹೊಸದು ತರಿಸಿದ್ದಾರೆ. ಹಳೆಯದು ಎಲ್ಲಿ ಹೋಯಿತು ಎಂದು ಯಾರೂ ಕೇಳಲಿಲ್ಲ. ನಾನು ರಜಿಸ್ಟರಿನಲ್ಲಿ 'ಭಂಗಾರ, ಗುಜರಿಗೆ' ಎಂದು ಬರೆದುಕೊಂಡೆ.

ಗುರುಸಿದ್ದನ ಪಾಲಿನ ಡಬ್ಬಿ ಒಯ್ಯಲು ಭೀಮಕ್ಕ ಬಂದಿರಲಿಲ್ಲ. ಅದನ್ನು ನಾನೇ ಒಯ್ದೆ. ಬಾಗಿಲು ಹಾಕಿತ್ತು. ಒಳಗೆ ಉಸಿರಾಟ ಕೇಳುತ್ತಿತ್ತು. ಹೊಸ್ತಿಲ ಮೇಲೆ ಇಟ್ಟು ಬಂದೆ.

೧೬ ಅಕ್ಟೋಬರ್

ಡಬ್ಬಿ ಅಲ್ಲೇ ಇದೆ. ಇರುವೆ ಮುತ್ತಿವೆ.

೧೩ ನವೆಂಬರ್, ನಂದಗಡ

ದೀಪಾವಳಿಗೆ ಬರಲು ಆಗಿರಲಿಲ್ಲ, ಈಗ ಬಂದೆ. ಖಾನಾಪುರ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ನನ್ನ ಹಾಡು! ಮಗ್ಗುಲಲ್ಲಿ ಎಲೆ ಅಡಿಕೆ ಹಾಕುತ್ತ ಕುಳಿತಿದ್ದ ಮುದುಕಿ ಅಂಗಡಿಯವನನ್ನು ಮರಾಠಿಯಲ್ಲೂ ಕನ್ನಡದಲ್ಲೂ ಕೇಳಿದಳು: "ಯಾರ ಪದನೋ ಇದು? ಸತ್ತಾಂವ ಯಾರು?"

"ಯಾರಿಗ್ಗೊತ್ತ ಅಜ್ಜಿ. ಸಿನಿಮಾದ್ದ ಇರಬೇಕ."

"ಮತ್ತ ಹೆಸರ ಇಲ್ದ ಅಳಾಕತ್ತಾಳಲ್ಲೋ ಇಕಿ. ಪಗಾರದ ಅಳು ಏನ?"

ಅಂಗಡಿಯವನು ನಕ್ಕ. ನಾನು ಎದ್ದು ಬಸ್ಸಿನಲ್ಲಿ ಕುಳಿತೆ. ಹಳೆ ಕಾಲದ ಮಂದಿಗೆ ಹೊಸ ಸಂಗೀತ ತಿಳಿಯುವುದಿಲ್ಲ.

ಅಪ್ಪ ಪೂರ್ತಿ ಕ್ಯಾಸೆಟ್ ಕೇಳಿದ. "ಚಲೋ ಐತಿ" ಎಂದ. ಆಮೇಲೆ ಡೊಳ್ಳನ್ನು ಗೂಟದಿಂದ ಇಳಿಸಿ, ಮತ್ತೆ ಅದೇ ಗೂಟಕ್ಕೆ ತೂಗುಹಾಕಿದ. ಬಾರಿಸಲಿಲ್ಲ.

೧೦ ಡಿಸೆಂಬರ್

ಹನ್ನೆರಡನೇ ತಾರೀಖಿಗೆ ಚೌಕಶಿ. ನನ್ನನ್ನೂ ಕರೆದಿದ್ದಾರೆ. ಕಲ್ಲಯ್ಯನವರು, "ಕೇಳಿದ್ದಕ್ಕಷ್ಟ ಉತ್ತರಾ ಹೇಳ್ರಿ ಮಾಯಾ ಅವರ" ಎಂದರು. ಈಗ 'ರೀ' ಹಚ್ಚಿಯೇ ಮಾತನಾಡುತ್ತಾರೆ. ರಾಜದೂತಿನವನು ಮನೆಯ ತನಕ ಬಿಟ್ಟುಹೋದ. ಅವನ ಹೆಸರು ಈರಯ್ಯ, ನಮ್ಮ ಕಂಪನಿ ಆಫೀಸಿನ ಮನುಷ್ಯ. ಒಳ್ಳೆಯವನು, ಬಸ್ಸಿನ ಗದ್ದಲ ತಪ್ಪಿತು.

೧೨ ಡಿಸೆಂಬರ್

ಬರೆಯಲೋ ಬೇಡವೋ ಎಂದು ಬಹಳ ಹೊತ್ತು ಕುಳಿತೆ.

ಕಂಪನಿಯ ಆಫೀಸಿನಲ್ಲೇ ಚೌಕಶಿ. ಸರಕಾರದ ಸಾಹೇಬರು, ಕಂಪನಿಯ ವಕೀಲರು, ಕಲ್ಲಯ್ಯನವರು, ಒಂದು ಬಾಜು ಬೆಂಚಿನ ಹೆಂಗಸರು. ಭೀಮಕ್ಕ ಕುರ್ಚಿ ಕೊಟ್ಟರೂ ನೆಲದ ಮೇಲೆ ಕುಳಿತಿದ್ದಳು. ಫಕೀರವ್ವ, "ಕೋರ್ ಹಸಿ ಇದ್ದೂವ್ರಿ, ಭಟ್ಟಿ ಕೆಟ್ಟಿತ್ರಿ" ಎಂದಳು. ವಕೀಲರು ಸಾಹೇಬರನ್ನು ಕರೆದೊಯ್ದು ಭಟ್ಟಿ ತೋರಿಸಿದರು. ಹೊಸದು, ಬಿಸಿ ಬಿಸಿ. ಆಮೇಲೆ ಮೇಜಿನ ಮೇಲೆ ಟೇಪ್ ರಿಕಾರ್ಡರ್ ಇಟ್ಟು ಗುಂಡಿ ಒತ್ತಿದರು. ನನ್ನ ದನಿ.

ಹಣಿಬರಹ ತಪ್ಪಿಸೋರ ಯಾರೊ.

"ಸಾಹೇಬರ, ಈ ಪದಾ ಕಟ್ಟಿದವರು ಇದ ಕೋರ್ ಶಾಪಿನಾಗ ದುಡದವರು. ಎಲ್ಲಾ ಕಣ್ಣಾರೆ ಕಂಡವರು. ಭಟ್ಟಿ ಕೆಟ್ಟಿದ್ರ ಪದದಾಗ ಬರ್ತಿದ್ದಿಲ್ಲೇನ್ರಿ? ಒಂದ ಶಬ್ದ ಐತೇನ್ರಿ? ಹಣಿಬರಹ ಅಂತ ಅವರ ಹಾಡ್ಯಾರ."

ಸಾಹೇಬರು ನನ್ನ ಕಡೆ ತಿರುಗಿದರು. "ಹೇಳಮ್ಮ. ಭಟ್ಟಿ ಕೆಟ್ಟಿತ್ತಾ?"

ಫ್ಯಾನು ತಿರುಗುತ್ತಿತ್ತು. ಕಲ್ಲಯ್ಯನವರು ನನ್ನ ಮುಖ ನೋಡಲಿಲ್ಲ. ನನ್ನ ಕೈ ನೋಡಿದರು.

"ನೆನಪಿಲ್ರಿ" ಎಂದೆ.

ಆಗ ಭೀಮಕ್ಕ ನೆಲದ ಮೇಲಿಂದ ಹಾಡ್ಯಾಡಿ ಅಳತೊಡಗಿದಳು. ಐದು ತಿಂಗಳ ಕೆಳಗೆ 'ಯಾರಿಂದ' ಎಂಬಲ್ಲಿ ನಿಲ್ಲಿಸಿದ್ದಳಲ್ಲ, ಸರಿಯಾಗಿ ಅಲ್ಲಿಂದ ಎತ್ತಿದಳು. ಮೂರ ದಿನದಿಂದ ಭಟ್ಟಿ ತಣ್ಣಗೊ. ಹಸಿ ಕೋರ ಕೊಟ್ಟ ಕೈ ಮಾಯಕ್ಕನ ಕೈಯವ್ವ. ಕೊಡು ಅಂದ ಬಾಯಿ ಕಲ್ಲಯ್ಯಂದ. ಒಂದು ಅಕ್ಷರ ಮರೆತಿರಲಿಲ್ಲ. ಯಾರೂ ಆಕೆಯ ಬಾಯಿಗೆ ಕೈ ಅಡ್ಡ ಹಿಡಿಯಲಿಲ್ಲ. ಮುಗಿಯುವ ತನಕ ಸಾಹೇಬರೂ ಪೆನ್ನು ಕೆಳಗಿಟ್ಟು ಕೂತರು.

"ಈ ಮಾಯಕ್ಕ ಅಂದರೆ ನೀನೇ ಏನಮ್ಮ?"

"ಕ್ಯಾಸೆಟ್ ಮ್ಯಾಲಿನ ಮಾಯಾ ನಾನರಿ. ಆ ಪದದಾಗಿನ ಮಾಯಕ್ಕ ಯಾರೋ ನನಗ ಗೊತ್ತಿಲ್ರಿ."

ಯಾರೂ ಬೈಯಲಿಲ್ಲ. ಫಕೀರವ್ವ ಭೀಮಕ್ಕನ ರಟ್ಟೆ ಹಿಡಿದು ಎಬ್ಬಿಸಿದಳು. ಬಾಗಿಲ ಹತ್ತಿರ ಭೀಮಕ್ಕ ನಿಂತು ನನ್ನತ್ತ ನೋಡಿ ಒಂದೇ ಮಾತು ಕೇಳಿದಳು. "ಊಟಾ ಮಾಡೀದಿ ಇಲ್ಲೋ?"

ಅದನ್ನು ಯಾಕೆ ಕೇಳಿದಳೋ.

೨೮ ಡಿಸೆಂಬರ್

ವರದಿ ಬಂತು. 'ಕಾಮಗಾರನ ನಿಷ್ಕಾಳಜಿ.' ಒಂದು ಪ್ರತಿಯನ್ನು ಫೈಲಿಗೆ ಹಚ್ಚುವುದು ನನ್ನ ಕೆಲಸ. ಹಚ್ಚಿದೆ.

೯ ಜನವರಿ ೧೯೮೪

ಸಂಕ್ರಮಣದ ಒಳಗೆ ಎರಡನೇ ಕ್ಯಾಸೆಟ್ಟಿಗೆ ಪದ ಕೊಡಬೇಕೆಂದು ಚನ್ನಬಸಯ್ಯನವರು ಗಂಟುಬಿದ್ದಿದ್ದಾರೆ. ಹದಿನೈದು ದಿನದಿಂದ ಕಾಗದ ಬೆಳ್ಳಗಿದೆ. ಸ್ಟೋರಿನಲ್ಲಿ ಸಪ್ಪಳವಿಲ್ಲ, ಅದಕ್ಕೇ ಇರಬೇಕು. ಮೇಜಿನ ಮೇಲೆ ಬೆರಳಿನಿಂದ ಬಡಿದು ನೋಡಿದೆ. ಎರಡು ಗಟ್ಟಿ, ಒಂದು ಹಗುರ. ಏನೂ ಬರಲಿಲ್ಲ.

ಮಧ್ಯಾಹ್ನ ಗೋಡೆಯ ಆಚೆ ಕೋರ್ ಶಾಪಿನಿಂದ ಕೊಡತಿಯ ಸಪ್ಪಳ ಬಂತು. ಆಮೇಲೆ ಫಕೀರವ್ವನ ಒಡಕು ದನಿ. ಆಮೇಲೆ ಉಳಿದವರದು. ನನ್ನ ಪದ. ನಾನು ಬರೆದಿದ್ದ ಹಾಗೆ ಪೂರ್ತಿ, ಭಟ್ಟಿಯ ಸಾಲು, ಕಲ್ಲಯ್ಯನ ಹೆಸರು, ಎಲ್ಲ. ಹೊಯ್ಯುವ ಗಂಡಸರೂ ಪಲ್ಲವಿ ಎತ್ತುತ್ತಿದ್ದರು. ಯಾರೂ ನಿಲ್ಲಿಸಲಿಲ್ಲ, ಐದು ಕೊಡತಿ ಒಟ್ಟಿಗೆ ಬಿದ್ದರೆ ನಿಲ್ಲಿಸುವುದು ಹೇಗೆ? ಪೀರನವಾಡಿಯ ನಳದ ಮುಂದೆಯೂ ಇದನ್ನೇ ಹಾಡುತ್ತಾರಂತೆ. ನಾನು ಹೋದರೆ ಕೊಡ ತುಂಬುವ ಸಪ್ಪಳ ಮಾತ್ರ ಇರುತ್ತದೆ.

ಕಡೀ ನುಡಿಯ ಆಚೆ ಇನ್ನೊಂದು ನುಡಿ ಸೇರಿದೆ. ಕಟ್ಟಿದವರು ಯಾರೋ, ಭೀಮಕ್ಕ ಇರಬೇಕು.

ಹಸಿ ಕೋರ ಕೊಟ್ಟ ಕೈ ಮಾಯಕ್ಕನ ಕೈಯವ್ವ
ಮುಚ್ಚಿಕೊಂಡ ಬಾಯಿ ಮಾಯಕ್ಕಂದ – ಗುರುಸಿದ್ದಾ
ತಪ್ಪ ನಿಂದಲ್ಲೊ ನನ ಕಂದಾ

ಬೆರಳು ಮಡಿಚಿ ಮಾತ್ರೆ ಎಣಿಸಿದೆ. ಎರಡು ಸಲ ಎಣಿಸಿದೆ.

ಒಂದೂ ತಪ್ಪಿರಲಿಲ್ಲ.